ಹುಣಸೆಗೆ ಅರಬ್ಬರಿಟ್ಟ ಹೆಸರು

ದುಬೈಯ ಕರಾಮಾದಲ್ಲಿ ನಾವು ದಿನಸಿ ತರುವ ಅಂಗಡಿಯವರು ಮಲಯಾಳಿಗಳು. 'ಪುಳಿ' ಎಂದರೆ ಸಾಕು, ಹುಣಸೆಹಣ್ಣಿನ ಪೊಟ್ಟಣ ಕೈಗೆ ಬರುತ್ತದೆ. ಮೇಲೆ ಇಂಗ್ಲಿಷಿನಲ್ಲಿ 'ಟ್ಯಾಮರಿಂಡ್'. ಈ ದೇಶದಲ್ಲಿ ಆಹಾರದ ಪೊಟ್ಟಣಕ್ಕೆ ಅರಬ್ಬಿ ವಿವರ ಇರಲೇಬೇಕು, ಹಾಗಾಗಿ ಹಿಂಬದಿಯ ಚೀಟಿಯಲ್ಲಿ 'ತಮ್ರ್ ಹಿಂದಿ'. ಎರಡನ್ನೂ ಒಟ್ಟಿಗೆ ಗಟ್ಟಿಯಾಗಿ ಓದಿ ನೋಡಿ, ಇಂಗ್ಲಿಷ್ ಪದದ ಮೂಲ ಕಿವಿಗೇ ಕೇಳಿಸುತ್ತದೆ. ತಮ್ರ್ ಎಂದರೆ ಖರ್ಜೂರ, ಹಿಂದಿ ಎಂದರೆ ಹಿಂದೂಸ್ತಾನದ್ದು. ಅದು ಮಧ್ಯಯುಗದ ಲ್ಯಾಟಿನ್‌ನಲ್ಲಿ 'ಟಮರಿಂಡಸ್' ಆಗಿ, ಮುಂದೆ ಇಂಗ್ಲಿಷಿಗೆ ಬಂತು.

ಹುಳಿ ಹುಣಸೆಗೂ ಸಿಹಿ ಖರ್ಜೂರಕ್ಕೂ ಎಲ್ಲಿಯ ನಂಟು? ಖರ್ಜೂರ ನಮ್ಮ ಈಚಲಿನ ಬಳಗ. ಹುಣಸೆ ಅವರೆ, ತೊಗರಿಯ ಕುಟುಂಬದ್ದು. ಉತ್ತರ ಬೇಕಾದರೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್‌ನ ಖರ್ಜೂರದ ಅಂಗಡಿಗಳ ಮುಂದೆ ನಿಲ್ಲಬೇಕು. ಅರಬ್ಬರು ಎಲ್ಲ ಖರ್ಜೂರವನ್ನೂ ಒಂದೇ ಹೆಸರಿನಿಂದ ಕರೆಯುವುದಿಲ್ಲ. ಹಳದಿಯೋ ಕೆಂಪೋ ಆಗಿ ಇನ್ನೂ ಗಟ್ಟಿಯಿದ್ದರೆ 'ಖಲಾಲ್', ಮೆತ್ತಗೆ ರಸ ತುಂಬಿದರೆ 'ರುತಬ್'. ಒಣಗಿ ಕಂದಾಗಿ, ಕೆಡದೆ ಬಹುಕಾಲ ಉಳಿಯುವುದು 'ತಮ್ರ್'. ನಾನು ತುಮಕೂರು ಕಡೆಯವಳು. ಬೇಸಿಗೆಯಲ್ಲಿ ಮನೆಯವರೆಲ್ಲ ಕೂತು ಹುಣಸೆ ಕುಟ್ಟಿ, ಬೀಜ, ನಾರು ಬಿಡಿಸಿ, ಉಪ್ಪು ಬೆರೆಸಿ ಉಂಡೆ ಕಟ್ಟುವುದನ್ನು ನೋಡುತ್ತ ಬೆಳೆದವಳು. ಆ ಉಂಡೆಯನ್ನೂ ಇಲ್ಲಿ ಒತ್ತಿ ಅಚ್ಚು ಮಾಡಿದ ತಮ್ರನ್ನೂ ಪಕ್ಕಪಕ್ಕ ಇಟ್ಟರೆ ಅದೇ ಕಪ್ಪುಗಂದು, ಬೆರಳಿಗೆ ಹತ್ತುವ ಅದೇ ಜಿಗುಟು. ಮರವನ್ನೇ ಕಾಣದೆ, ಹಡಗಿನಿಂದಿಳಿದ ಸರಕನ್ನಷ್ಟೇ ಕಂಡ ವರ್ತಕರಿಗೆ ಇದಕ್ಕಿಂತ ಒಳ್ಳೆಯ ಹೆಸರು ಹೊಳೆಯುವುದು ಕಷ್ಟವಿತ್ತು ಎಂದೇ ನನ್ನ ಅನಿಸಿಕೆ.

ಈಜಿಪ್ಟ್, ಸಿರಿಯಾ ಕಡೆಯವರ ಇಫ್ತಾರಿನಲ್ಲಿ ತಮ್ರ್ ತಿಂದು ಉಪವಾಸ ಬಿಟ್ಟ ಮೇಲೆ ತಣ್ಣನೆಯ ತಮ್ರ್ ಹಿಂದಿ ಕುಡಿಯುವುದುಂಟು. ಹುಣಸೆ ನೆನೆಸಿ, ಕಿವುಚಿ, ಸೋಸಿ ಸಕ್ಕರೆ ಹಾಕಿದ್ದು. ಬೆಲ್ಲ, ಏಲಕ್ಕಿ ಬಿದ್ದರೆ ನಮ್ಮ ಪಾನಕವೇ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಈ ಮರಕ್ಕೆ 'ಟಮರಿಂಡಸ್ ಇಂಡಿಕಾ' ಎಂದು ಹೆಸರಿಟ್ಟ. ಒಂದೇ ಹೆಸರಿನಲ್ಲಿ ಇಂಡಿಯಾ ಎರಡು ಸಲ! ಆದರೆ ಹುಣಸೆಯ ತವರು ಉಷ್ಣವಲಯದ ಆಫ್ರಿಕಾ. ಬಹಳ ಹಿಂದೆಯೇ ನಮ್ಮ ನೆಲಕ್ಕೆ ಬಂದು ಎಷ್ಟು ಚೆನ್ನಾಗಿ ಬೇರೂರಿತೆಂದರೆ, ಲೋಕವೆಲ್ಲ ಅದನ್ನು ನಮ್ಮದೆಂದೇ ತಿಳಿಯಿತು. ಹಾಗೆ ತಿಳಿದದ್ದು ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಸಾರು, ಗೊಜ್ಜು, ಪುಳಿಯೋಗರೆ ಮಾಡಿ ಅದನ್ನು ನಮ್ಮದಾಗಿಸಿಕೊಂಡವರು ನಾವೇ.

ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ರಸ್ತೆ ಬದಿಯ ಖರ್ಜೂರದ ಮರ ಚೆನ್ನಾಗಿ ಗೊತ್ತು, ಹುಣಸೆ ಮರ ಗೊತ್ತಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣವಿರುವ ದೇವನಹಳ್ಳಿ ತಾಲ್ಲೂಕಿನಲ್ಲೇ ನಲ್ಲೂರಿದೆ. ಅಲ್ಲಿನ ಸುಮಾರು 54 ಎಕರೆಯ ಹಳೆಯ ಹುಣಸೆ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಗಿದೆ. ರಜೆಗೆ ಊರಿಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ.