ಕುಡಿದಾಗ ಮುಖ ಕೆಂಪಾದರೆ ಆರೋಗ್ಯ ಚೆನ್ನಾಗಿದೆ ಎಂದರ್ಥವೇ?

ಹೇಳಿಕೆ: ಒಂದು ಪೆಗ್ ಕುಡಿದ ಕೂಡಲೇ ಮುಖ ಕೆಂಪಾದರೆ ರಕ್ತಸಂಚಾರ ಚೆನ್ನಾಗಿದೆ ಎಂದರ್ಥ. ಕೆಂಪಾಗಬಾರದೆಂದರೆ ಕುಡಿಯುವ ಮೊದಲು ಅಸಿಡಿಟಿ ಮಾತ್ರೆ ನುಂಗಿದರೆ ಸಾಕು.

ಸತ್ಯಾಂಶ: ಎರಡೂ ಮಾತು ತಪ್ಪು. ಆ ಕೆಂಪು ದೇಹ ಕೊಡುವ ಎಚ್ಚರಿಕೆ. ಮಾತ್ರೆ ಅದನ್ನು ಮರೆಮಾಚುತ್ತದೆ ಅಷ್ಟೇ.

ಮುಖ ಏಕೆ ಕೆಂಪಾಗುತ್ತದೆ?

ನಮ್ಮ ಯಕೃತ್ತು ಮದ್ಯವನ್ನು ಎರಡು ಹಂತಗಳಲ್ಲಿ ಒಡೆಯುತ್ತದೆ. ಮೊದಲು ಅದು ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗುತ್ತದೆ. ಆಮೇಲೆ ಎಎಲ್‌ಡಿಎಚ್2 ಎಂಬ ಕಿಣ್ವ ಅದನ್ನು ಅಸಿಟೇಟ್ ಆಗಿ ಬದಲಿಸುತ್ತದೆ, ಇದರಿಂದ ತೊಂದರೆಯಿಲ್ಲ. ಕೆಲವರಲ್ಲಿ ಈ ಕಿಣ್ವ ಹುಟ್ಟಿನಿಂದಲೇ ದುರ್ಬಲ. ಅಂಥವರು ಸ್ವಲ್ಪ ಕುಡಿದರೂ ಅಸಿಟಾಲ್ಡಿಹೈಡ್ ದೇಹದಲ್ಲಿ ಸೇರಿಕೊಂಡು ರಕ್ತನಾಳಗಳು ಹಿಗ್ಗುತ್ತವೆ. ಮುಖ, ಕುತ್ತಿಗೆ ಕೆಂಪೇರುತ್ತವೆ; ಎದೆ ಡವಗುಟ್ಟುತ್ತದೆ, ವಾಕರಿಕೆ ಬರುತ್ತದೆ. ಜಪಾನ್, ಚೀನಾ, ಕೊರಿಯಾ ಮೂಲದವರಲ್ಲಿ ಸುಮಾರು ಮೂರನೇ ಒಂದರಷ್ಟು ಜನರಿಗೆ ಹೀಗಾಗುತ್ತದೆ.

ಮಾತ್ರೆ ನುಂಗಿದರೆ ಏನಾಗುತ್ತದೆ?

ಫಾಮೋಟಿಡಿನ್‌ನಂಥ ಅಸಿಡಿಟಿ ಮಾತ್ರೆ ಹಿಸ್ಟಮಿನ್‌ನ ಪರಿಣಾಮ ತಡೆದು ಕೆಂಪನ್ನು ಕಡಿಮೆ ಮಾಡಬಹುದು. ಆದರೆ ಅಸಿಟಾಲ್ಡಿಹೈಡ್ ಹಾಗೇ ಇರುತ್ತದೆ. ಮದ್ಯಪಾನದಿಂದ ಉಂಟಾಗುವ ಈ ವಸ್ತುವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಕಿಣ್ವ ದುರ್ಬಲವಾಗಿದ್ದೂ ಕುಡಿಯುವವರಿಗೆ ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚು. ಮುಖ ಕೆಂಪಾಗುತ್ತಿಲ್ಲವಲ್ಲ ಎಂದು ಇನ್ನಷ್ಟು ಕುಡಿದರೆ ಅಪಾಯ ಮತ್ತೂ ಹೆಚ್ಚುತ್ತದೆ.

ನಮ್ಮಲ್ಲಿ ಹೀಗಾದರೆ?

ಭಾರತೀಯರಲ್ಲಿ ಈ ವಂಶವಾಹಿ ದೋಷ ಅಪರೂಪ. ಹಾಗಾಗಿ ಬೇರೆ ಕಾರಣವನ್ನೂ ನೋಡಬೇಕು. ರೋಸೇಶಿಯಾ ಎಂಬ ಚರ್ಮದ ಸಮಸ್ಯೆ, ಪಾನೀಯದಲ್ಲಿರುವ ಯಾವುದಾದರೂ ಪದಾರ್ಥದ ಅಲರ್ಜಿ ಅಥವಾ ಸೇವಿಸುತ್ತಿರುವ ಔಷಧ ಕಾರಣವಾಗಿರಬಹುದು.

ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಂ ಮಾತ್ರೆ ಇದೇ ಕಿಣ್ವವನ್ನು ಬೇಕೆಂದೇ ತಡೆಯುತ್ತದೆ. ಇದನ್ನು ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲೋ ಕಾಫಿಯಲ್ಲೋ ಬೆರೆಸಿ ಕೊಡುವ ಮನೆಯವರೂ ಇದ್ದಾರೆ. ಅವರ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ ಮಾತ್ರೆಯ ಅರಿವಿಲ್ಲದೆ ಆ ವ್ಯಕ್ತಿ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಕುತ್ತಾಗಬಹುದು. ರೋಗಿಯ ಒಪ್ಪಿಗೆ, ವೈದ್ಯರ ನಿಗಾ ಇಲ್ಲದೆ ಇದನ್ನು ಕೊಡಲೇಬಾರದು.

ಏನು ಮಾಡಬೇಕು?

ಮುಖ ಕೆಂಪಾದರೆ ಕುಡಿಯುವುದನ್ನು ನಿಲ್ಲಿಸಿ. ಸೇವಿಸುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ವೈದ್ಯರನ್ನು ಕಾಣಿ. ತುಟಿ, ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ ಅಥವಾ ಪ್ರಜ್ಞೆ ತಪ್ಪಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕೆಂಪಾಗದವರಿಗೂ ಮದ್ಯ ಸುರಕ್ಷಿತವಲ್ಲ. ಇಂಥ ಸಲಹೆ ನಿಮ್ಮ ಗ್ರೂಪ್‌ಗೆ ಬಂದರೆ ಫಾರ್ವರ್ಡ್ ಮಾಡಬೇಡಿ.