ಅರಳೆಯ ಎಳೆ ಹುಟ್ಟುವ ದಿನ

ನಮ್ಮ ಹೊಲಗಳ ಹತ್ತಿ ಹೂ ಅರಳಿದ ದಿನ ಸಾಮಾನ್ಯವಾಗಿ ಕೆನೆಬಣ್ಣದಲ್ಲಿರುತ್ತದೆ, ಮರುದಿನ ಗುಲಾಬಿಗೆ ತಿರುಗುತ್ತದೆ. ಅರಳೆಯ ಹಣೆಬರಹ ಬಹುಪಾಲು ನಿರ್ಧಾರವಾಗುವುದು ಇದೇ ಹೊತ್ತಿಗೆ. ಮುಂದೆ ಬೀಜವಾಗಲಿರುವ ಅಂಡಕದ ಹೊರಪದರದ ಕೋಶಗಳಲ್ಲಿ ಸುಮಾರು ಕಾಲು ಭಾಗ ಮಾತ್ರ ಉಬ್ಬಿ ಮೇಲೇಳುತ್ತವೆ. ಎದ್ದ ಕೋಶ ಒಡೆದು ಎರಡಾಗುವುದಿಲ್ಲ, ಉದ್ದವಾಗುತ್ತಲೇ ಹೋಗುತ್ತದೆ. ನಾವು ಉಡುವ ಹತ್ತಿ ಬಟ್ಟೆಯ ಒಂದೊಂದು ನಾರೂ ಹೀಗೆ ಎರಡು-ಮೂರು ಸೆಂಟಿಮೀಟರ್ ಚಾಚಿಕೊಂಡ ಒಂದೇ ಒಂದು ಕೋಶ!

ಯಾವ ಕೋಶ ಏಳಬೇಕು, ಎಷ್ಟು ಉದ್ದವಾಗಬೇಕು ಎಂಬುದರಲ್ಲಿ ಸಸ್ಯ ಹಾರ್ಮೋನುಗಳ ಕೈವಾಡ ದೊಡ್ಡದು. ಕ್ಯಾಲಿಫೋರ್ನಿಯಾದ ಬೀಸ್ಲಿ ಮತ್ತು ಟಿಂಗ್ 1973-74ರಲ್ಲಿ ಅಂಡಕಗಳನ್ನು ಬಿಡಿಸಿ ಪೋಷಕ ದ್ರವದಲ್ಲಿ ತೇಲಿಬಿಟ್ಟು ಇದನ್ನು ತೋರಿಸಿದರು. ಆಕ್ಸಿನ್ ಮತ್ತು ಜಿಬ್ಬರೆಲಿನ್ ಬೆರೆಸಿದರೆ ಗರ್ಭಕಟ್ಟದ ಅಂಡಕದಿಂದಲೂ ಎಳೆ ಹೊಮ್ಮಿತು. ಅಬ್ಸಿಸಿಕ್ ಆಮ್ಲ ಸೇರಿಸಿದರೆ ಬೆಳವಣಿಗೆ ಕುಂಠಿತವಾಯಿತು. ಹಣ್ಣು ಮಾಗಿಸುವ ಎಥಿಲೀನ್ ಕೂಡ ಎಳೆಯನ್ನು ಉದ್ದಗೊಳಿಸುತ್ತದೆ ಎಂದು ಚೀನಾದ ವಿಜ್ಞಾನಿಗಳು 2006ರಲ್ಲಿ ವರದಿ ಮಾಡಿದರು. ತಮಾಷೆಯೆಂದರೆ, ಗಿಡದಿಂದ ಹೀಚು ಉದುರಿಸುವುದರಲ್ಲೂ ಅದರದೇ ಪಾಲಿದೆ.

ಅಂದರೆ ಹಾರ್ಮೋನು ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿ, ಯಾವಾಗ ಇದೆ ಎನ್ನುವುದು ಮುಖ್ಯ. ಚೊಂಗ್‌ಚಿಂಗ್‌ನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗವೇ ಇದಕ್ಕೆ ಒಳ್ಳೆಯ ಸಾಕ್ಷಿ. ಆಕ್ಸಿನ್ ತಯಾರಿಕೆಗೆ ಬೇಕಾದ ಬ್ಯಾಕ್ಟೀರಿಯಾದ ಜೀನ್ ಒಂದನ್ನು ಹತ್ತಿಗೆ ಸೇರಿಸಿ, ಎಳೆ ಮೂಡುವ ಹೊತ್ತಿಗೆ ಅಂಡಕದ ಹೊರಪದರದಲ್ಲಿ ಅದು ಕೆಲಸ ಮಾಡುವಂತೆ ಅವರು ಏರ್ಪಾಡು ಮಾಡಿದರು. ಹೊಲದ ಪರೀಕ್ಷೆಗಳಲ್ಲಿ ಅರಳೆಯ ಇಳುವರಿ ಶೇ 15ಕ್ಕಿಂತ ಹೆಚ್ಚು ಏರಿತು, ನಾರೂ ನವಿರಾಯಿತು.

ನಮ್ಮ ರೈತರು ಸಿಂಪಡಿಸುವ ಎನ್‌ಎಎ ಕೂಡ ಕೃತಕ ಆಕ್ಸಿನ್ನೇ. ಆದರೆ ಅದರ ಕೆಲಸ ಮೊಗ್ಗು, ಹೀಚು ಉದುರದಂತೆ ತಡೆಯುವುದು. ಎಳೆಯ ಉದ್ದ ಹೆಚ್ಚಿಸಲು ಅದನ್ನು ಹೊಡೆಯುವುದು ದುಡ್ಡು ದಂಡ. ಉದ್ದ ಮೊದಲು ತಳಿಯ ಗುಣ: ಧಾರವಾಡದಲ್ಲಿ ರೂಪುಗೊಂಡ ಡಿಸಿಎಚ್-32ರ ನೀಳ ಎಳೆ ಅದರ ಬಾರ್ಬಡೆನ್ಸ್ ಜಾತಿಯ ಪೋಷಕ ತಳಿಯ ಬಳುವಳಿ. ಎರಡನೆಯದು ನೀರು. ಹಾರ್ಮೋನುಗಳು ಕೋಶದ ಗೋಡೆಯನ್ನು ಸಡಿಲಿಸಬಲ್ಲವು, ಅದನ್ನು ಒಳಗಿನಿಂದ ಹಿಗ್ಗಿಸುವುದು ನೀರಿನ ಒತ್ತಡ. ಹೂ ಅರಳಿದ ಸುಮಾರು ಮೂರು ವಾರಕ್ಕೆ ಈ ಹಿಗ್ಗುವಿಕೆ ಮುಗಿಯುತ್ತದೆ. ಆಮೇಲೆ ಗೋಡೆಗೆ ಸೆಲ್ಯುಲೋಸ್ ತುಂಬುವ ಕಾಲ, ಉದ್ದ ಬೆಳೆಯುವುದಿಲ್ಲ. ಹೂ-ಕಾಯಿಯ ವಾರಗಳಲ್ಲಿ ಹೊಲ ಬಾಯಾರದಂತೆ ನೋಡಿಕೊಳ್ಳಿ.