ಸ್ಕ್ಯಾನಿಂಗ್‌ನಲ್ಲಿ ‘ಲಿವರ್‌ ಗಡ್ಡೆ’ ಅಂತ ಬಂತಾ? ಎಲ್ಲವೂ ಕ್ಯಾನ್ಸರ್ ಅಲ್ಲ, ಆದ್ರೆ ಗುರುತಿಸೋದು ಸುಲಭವೂ ಅಲ್ಲ

ಗ್ಯಾಸ್ಟ್ರಿಕ್ ಅಂತಲೋ, ಕಿಡ್ನಿ ಸ್ಟೋನ್ ಇರಬಹುದು ಅಂತಲೋ ಸ್ಕ್ಯಾನಿಂಗ್ ಸೆಂಟರ್‌ಗೆ ಹೋಗ್ತಾರೆ. ಕಲ್ಲು ಸಿಗಲ್ಲ. ಆದ್ರೆ ರಿಪೋರ್ಟಿನ ಕೊನೆ ಸಾಲಲ್ಲಿ ‘ಲಿವರ್‌ನ ಬಲಭಾಗದಲ್ಲಿ 3 ಸೆಂ.ಮೀ. ಗಡ್ಡೆ, ಹೆಚ್ಚಿನ ತಪಾಸಣೆ ಅಗತ್ಯ’ ಅಂತ ಇರುತ್ತೆ. ಅವತ್ತಿಂದ ಮನೇಲಿ ಯಾರಿಗೂ ನಿದ್ದೆ ಇಲ್ಲ. ಕೆಲವರು ಅಂಗಡಿ ಬಾಗಿಲು ಹಾಕಿ ಬೆಂಗಳೂರು ಬಸ್ ಹತ್ತುತ್ತಾರೆ. ಇನ್ನು ಕೆಲವರು ನೋವೇ ಇಲ್ವಲ್ಲ ಅಂತ ರಿಪೋರ್ಟನ್ನ ಬೀರುವಿನಲ್ಲಿಟ್ಟು ಮರೀತಾರೆ. ಎರಡೂ ತಪ್ಪೇ.

ಲಿವರ್ ಆರೋಗ್ಯವಾಗಿರುವವರಲ್ಲಿ ಹೀಗೆ ಅಕಸ್ಮಾತ್ ಕಣ್ಣಿಗೆ ಬೀಳುವ ಗಡ್ಡೆಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಅತಿ ಸಾಮಾನ್ಯವಾದದ್ದು ಹೀಮ್ಯಾಂಜಿಯೋಮಾ, ಅಂದ್ರೆ ರಕ್ತನಾಳಗಳ ಗಂಟು. ಸಾಮಾನ್ಯವಾಗಿ ಜೀವನಪೂರ್ತಿ ಸುಮ್ಮನೆ ಇದ್ದುಬಿಡುತ್ತೆ. ಎರಡನೆಯದು ಎಫ್‌ಎನ್‌ಎಚ್. ಲಿವರ್‌ನ ಜೀವಕೋಶಗಳೇ ಒಂದು ಕಡೆ ಗುಂಪುಗೂಡಿ ಬೆಳೆದದ್ದು ಇದು, ಕ್ಯಾನ್ಸರ್ ಆಗಲ್ಲ. ಡಾಕ್ಟರಿಗೂ ತಲೆನೋವು ತರೋದು ಮೂರನೆಯದು, ಅಡೆನೋಮಾ. ಅಪರೂಪದ್ದೇ, ಆದರೆ ಗರ್ಭನಿರೋಧಕ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದ ಹೆಣ್ಣುಮಕ್ಕಳಲ್ಲಿ, ಜಿಮ್‌ನಲ್ಲಿ ಮೈ ಬೆಳೆಸೋಕೆ ಸ್ಟೀರಾಯ್ಡ್ ಚುಚ್ಚಿಸಿಕೊಂಡ ಹುಡುಗರಲ್ಲಿ ಕಾಣಿಸಿಕೊಳ್ಳುತ್ತೆ. 5 ಸೆಂ.ಮೀ. ದಾಟಿದರೆ ಒಡೆದು ಹೊಟ್ಟೆಯೊಳಗೆ ರಕ್ತ ಸುರಿಯುವ, ಕ್ಯಾನ್ಸರ್‌ಗೆ ತಿರುಗುವ ಅಪಾಯ ಜಾಸ್ತಿ. ಗಂಡಸರಲ್ಲಾದರೆ ಚಿಕ್ಕದಿದ್ದರೂ ತೆಗೆಸೋದೇ ಒಳ್ಳೇದು ಅಂತಾರೆ ತಜ್ಞರು.

ಮೊದಲ ಸ್ಕ್ಯಾನ್ ಯಾಕೆ ಸಾಲಲ್ಲ?

ಅಲ್ಟ್ರಾಸೌಂಡ್‌ನಲ್ಲಿ ಹೀಮ್ಯಾಂಜಿಯೋಮಾ ಬಿಳಿ ಚುಕ್ಕೆಯಂತೆ ಕಾಣುತ್ತೆ. ತೊಂದರೆ ಏನಂದ್ರೆ, ಕೆಲವು ಕ್ಯಾನ್ಸರ್ ಗಡ್ಡೆಗಳೂ ಹಾಗೇ ಕಾಣುತ್ತವೆ. ಫ್ಯಾಟಿ ಲಿವರ್ ಇದ್ದರಂತೂ ಇಡೀ ಲಿವರೇ ಬೆಳ್ಳಗಾಗಿ, ಅದೇ ಹೀಮ್ಯಾಂಜಿಯೋಮಾ ಕಪ್ಪಾಗಿ ಕಾಣಬಹುದು. ಇಷ್ಟೇ ಅಲ್ಲ, ಕೊಬ್ಬು ಸೇರದೆ ಉಳಿದ ಚೂರು ಜಾಗವೇ ಗಡ್ಡೆಯ ವೇಷ ಹಾಕುತ್ತೆ. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರಲ್ಲಿ, ಶುಗರ್ ಇರುವವರಲ್ಲಿ ಫ್ಯಾಟಿ ಲಿವರ್ ಏನು ಅಪರೂಪವೇ?

ರಕ್ತಪರೀಕ್ಷೆಯೂ ಪೂರ್ತಿ ಉತ್ತರ ಕೊಡಲ್ಲ. ಎಎಫ್‌ಪಿ ನಾರ್ಮಲ್ ಬಂತು ಅಂತ ಸ್ವೀಟ್ ಹಂಚೋ ಹಾಗಿಲ್ಲ. ಲಿವರ್ ಕ್ಯಾನ್ಸರ್ ಇದ್ದವರಲ್ಲೂ ಅದು ನಾರ್ಮಲ್ ಇರಬಹುದು.

ಡೈ ಹಾಕಿ ನೋಡೋದು ಯಾಕೆ?

ಲಿವರ್‌ಗೆ ರಕ್ತ ಎರಡು ದಾರಿಯಲ್ಲಿ ಬರುತ್ತೆ. ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಪೋರ್ಟಲ್ ರಕ್ತನಾಳದಲ್ಲಿ, ಕಾಲು ಪಾಲು ಅಪಧಮನಿಯಲ್ಲಿ. ಗಡ್ಡೆಗಳಲ್ಲಿ ಹಲವು ಅಪಧಮನಿಯಿಂದಲೇ ರಕ್ತ ಎಳೆದುಕೊಳ್ಳುತ್ತವೆ. ಅದಕ್ಕೇ ಕೈಗೆ ಡೈ ಚುಚ್ಚಿ, ಕೆಲ ನಿಮಿಷಗಳೊಳಗೆ ಮೂರು ಹಂತದಲ್ಲಿ ಚಿತ್ರ ತೆಗೀತಾರೆ. ಹೀಮ್ಯಾಂಜಿಯೋಮಾ ಅಂಚಿನಿಂದ ನಿಧಾನಕ್ಕೆ ಒಳಗೆ ತುಂಬಿಕೊಳ್ಳುತ್ತೆ. ಎಫ್‌ಎನ್‌ಎಚ್ ಒಮ್ಮೆಲೇ ಬೆಳಗಿ, ಆಮೇಲೆ ಸುತ್ತಲಿನ ಲಿವರ್ ಜೊತೆ ಬೆರೆತು ಹೋಗುತ್ತೆ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಸಾಮಾನ್ಯವಾಗಿ ಬೇಗ ಬೆಳಗಿ, ಬೇಗ ಡೈ ಕಳೆದುಕೊಳ್ಳುತ್ತೆ. ಅಡೆನೋಮಾ ಮಾತ್ರ ಯಾವ ಕಡೆಗೂ ಸರಿಯಾಗಿ ಸೇರಲ್ಲ. ಆಗ ಲಿವರ್ ಕೋಶಗಳೇ ಹೀರಿಕೊಳ್ಳುವ ವಿಶೇಷ ಡೈ ಹಾಕಿ ಎಂಆರ್‌ಐ ಮಾಡ್ತಾರೆ. ಎಫ್‌ಎನ್‌ಎಚ್ ಆ ಡೈಯನ್ನ ಹಿಡಿದಿಟ್ಟುಕೊಳ್ಳುತ್ತೆ, ಅಡೆನೋಮಾಗಳಲ್ಲಿ ಹೆಚ್ಚಿನವು ಹಿಡಿಯಲ್ಲ.

ದುಡ್ಡು ಉಳಿಸೋಕೆ ಡೈ ಇಲ್ಲದ ಸಿಟಿ ಮಾಡಿಸಿದರೆ, ಅದೂ ಖರ್ಚು, ಮತ್ತೆ ಇದೂ ಖರ್ಚು.

‘ಒಂದು ಚೂರು ತೆಗೆದು ಪರೀಕ್ಷೆ ಮಾಡಿಬಿಡಿ’ ಅಂತ ಕೇಳುವವರಿದ್ದಾರೆ. ಸೂಜಿ ಚುಚ್ಚಿದರೆ ರಕ್ತಸ್ರಾವದ ಭಯ ಇದೆ. ಅಡೆನೋಮಾ ಮತ್ತು ಆರಂಭದ ಕ್ಯಾನ್ಸರ್ ಸೂಕ್ಷ್ಮದರ್ಶಕದಲ್ಲೂ ಒಂದೇ ಥರ ಕಾಣೋದುಂಟು. ಕುರಿ, ನಾಯಿ ಒಡನಾಟ ಇರುವವರಲ್ಲಿ ಅದು ಗಡ್ಡೆಯೇ ಅಲ್ಲದೆ ಹುಳುವಿನ ನೀರುಚೀಲ ಆಗಿರಬಹುದು. ಗೊತ್ತಿಲ್ಲದೆ ಅದಕ್ಕೆ ಚುಚ್ಚಿದರೆ ಜೀವಕ್ಕೇ ಅಪಾಯ.

ಡಾಕ್ಟರಿಗೆ ಮುಚ್ಚಿಡಬಾರದ್ದು

ಒಂದೇ ಚಿತ್ರ, ಆದರೆ ವ್ಯಕ್ತಿ ಬದಲಾದರೆ ಅರ್ಥವೂ ಬದಲಾಗುತ್ತೆ. ಹೆಪಟೈಟಿಸ್ ಬಿ ಅಥವಾ ಸಿರೋಸಿಸ್ ಇರುವವರಲ್ಲಿ 1 ಸೆಂ.ಮೀ. ದಾಟಿದ ಹೊಸ ಗಡ್ಡೆಯನ್ನು ಮೊದಲು ಕ್ಯಾನ್ಸರ್ ಅನುಮಾನದಿಂದಲೇ ನೋಡ್ತಾರೆ. ಕುಡಿತ, ಮಾತ್ರೆ, ಜಿಮ್ ಇಂಜೆಕ್ಷನ್, ಹಿಂದೆ ಬೇರೆ ಕಡೆ ಆಗಿದ್ದ ಕ್ಯಾನ್ಸರ್, ಇವನ್ನೆಲ್ಲ ಹೆಂಡತಿ-ಮಕ್ಕಳ ಎದುರು ಹೇಳೋಕೆ ಸಂಕೋಚವಾದರೆ ಒಬ್ಬರೇ ಒಳಗೆ ಹೋಗಿ ಹೇಳಬಹುದು.

ದೊಡ್ಡಾಸ್ಪತ್ರೆಗೆ ಹೋಗುವಾಗ ರಿಪೋರ್ಟ್ ಹಾಳೆ ಒಂದೇ ಸಾಲಲ್ಲ, ಸ್ಕ್ಯಾನ್‌ನ ಸಿ.ಡಿ. ಅಥವಾ ಫಿಲ್ಮ್ ಬೇಕು. ಹಳೇ ಸ್ಕ್ಯಾನ್ ಇದ್ದರೆ ಅದೂ ಇರಲಿ. ಎರಡು ವರ್ಷದ ಹಿಂದೆಯೂ ಗಡ್ಡೆ ಇಷ್ಟೇ ಇತ್ತು ಅಂತ ಗೊತ್ತಾದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತೆ. ಶುಗರ್, ಕಿಡ್ನಿ ತೊಂದರೆ ಇರುವವರು ಡೈ ಹಾಕಿಸುವ ಮುಂಚೆ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಂಡೇ ಹೋದರೆ ಅಲ್ಲಿ ಒಂದು ದಿನ ಕಾಯೋದು ತಪ್ಪುತ್ತೆ.